ಸ್ಟೀರಾಯ್ಡ್ ಮಾತ್ರೆ ಶುರು ಆದ್ಮೇಲೆ ನಮ್ಮವ್ವ ಬೇರೆ ಮನುಷ್ಯಳ ಥರ ಆಗ್ಬಿಟ್ಟಿದಾಳೆ, ಗೊತ್ತಿದ್ದೋರು ಹೇಳ್ರಿ

ಸಿರುಗುಪ್ಪ_ಗದ್ದೆ
ರಾತ್ರಿ 11:40

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದ್ರಿ. ಮೂರು ದಿನದಿಂದ ನಿದ್ದೆ ಇಲ್ಲ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ.

ನಮ್ಮವ್ವಗೆ 57 ವಯಸ್ಸು. ನಾಕು ತಿಂಗಳಿಂದ ಬಾಯೊಳಗೆ ಹುಣ್ಣು, ಖಾರ ನಾಲಿಗೆ ಮೇಲೆ ಇಡೋಕೆ ಆಗ್ತಿರ್ಲಿಲ್ಲ, ಮೆಣಸಿನಕಾಯಿ ಹೊಲದಾಗೆ ಜೀವನ ಕಳೆದೋಳು ಬರೀ ಮೊಸರನ್ನ ತಿಂದ್ಕೊಂಡು ಇದ್ಲು. ಆಮೇಲೆ ಬೆನ್ನು, ಎದೆ, ಕೈ ಮೇಲೆ ನೀರ್ಗುಳ್ಳೆ ಎದ್ವು. ಊರಾಗೆ ಎಲ್ರೂ ಸರ್ಪಸುತ್ತು ಅಂದ್ರು, ಕೆಮ್ಮಣ್ಣು ಹಚ್ಚಿಸಿದ್ವಿ, ಕಡಿಮೆ ಆಗ್ಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ರೆ ಚರ್ಮದ ಚೂರು ತೆಗ್ದು ಟೆಸ್ಟಿಗೆ ಕಳ್ಸಿ ಪೆಂಫಿಗಸ್ ಅಂತ ಹೇಳಿದ್ರು. ನಮ್ಮ ಮೈ ಕಾಯೋ ಶಕ್ತಿನೇ ನಮ್ಮ ಚರ್ಮದ ಮೇಲೆ ತಿರುಗಿ ಬೀಳೋದಂತೆ. ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ದಿನಕ್ಕೆ 60 ಎಂಜಿ ಬರ್ಕೊಟ್ರು. ಇವತ್ತಿಗೆ 9 ದಿನ. ಹೊಸ ಗುಳ್ಳೆ ಏಳೋದು ನಿಂತಿದೆ, ಅದು ಖುಷಿ.

ಆದ್ರೆ 6ನೇ ದಿನ ರಾತ್ರಿ ಎರಡೂವರೆಗೆ ಅಡಿಗೆಮನೆಯಿಂದ ಸದ್ದು ಬಂತು, ಎದ್ದು ನೋಡಿದ್ರೆ ಅವ್ವ ಅಟ್ಟದ ಮೇಲಿದ್ದ ಹಿತ್ತಾಳೆ ಕೊಡ, ತಂಬಿಗೆ, ಪರಾತ, ನಮ್ಮಜ್ಜಿ ಕಾಲದ ಕೊಳಗ ಎಲ್ಲಾ ಇಳಿಸ್ಕೊಂಡು ಕೂತು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ತಿದಾಳೆ. ಕೈ ಮೇಲಿನ ಗುಳ್ಳೆ ಒಡ್ದು ಹಸಿ ಗಾಯ ಆಗಿದಾವೆ, ಆ ಗಾಯದ ಮೇಲೆ ಹುಳಿ ನೀರು ಹರೀತಿದೆ, ಉರಿಬೇಕಲ್ರೀ, ಅವಳಿಗೆ ಅದರ ಖಬರೇ ಇಲ್ಲ. ಏನವ್ವ ಇದು ಅಂದ್ರೆ "ಹಬ್ಬ ಐತಲ್ಲೋ" ಅಂದ್ಲು. ಯಾವ ಹಬ್ಬನೂ ಇಲ್ಲ. ಅವತ್ತಿಂದ ರಾತ್ರಿ ಒಂದು ತಾಸು ಎರಡು ತಾಸು ಅಷ್ಟೇ ನಿದ್ದೆ. ಮಾತು ನಿಲ್ಲಲ್ಲ. ನಾಕು ಎಮ್ಮೆ ತರೋಣ, ಮೇಲೆ ಮಹಡಿ ಕಟ್ಟೋಣ ಅಂತಾಳೆ. ಸಂಘಕ್ಕೆ ಕಟ್ಬೇಕಾಗಿದ್ದ 5000 ರೂಪಾಯಿ ಯಾರಿಗೋ ಕೊಟ್ಬಿಟ್ಟಿದಾಳೆ, ಯಾರಿಗೆ ಅಂತ ಕೇಳಿದ್ರೆ ಸಿಟ್ಟು. ಮಧ್ಯಾಹ್ನ ಆದ್ರೆ ಒಮ್ಮೆಲೇ ಅಳು. ನನ್ನ ಹೆಂಡ್ತಿಗೆ ಆಡಬಾರದ ಮಾತು ಆಡಿದ್ಲು, ಹನ್ನೊಂದು ವರ್ಷದಾಗೆ ಒಮ್ಮೆನೂ ಸೊಸೆಗೆ ಗದರಿದೋಳಲ್ಲ.

ಅತ್ತೆ ಗಾಳಿ ಸೋಕಿದೆ ಅಂತಾರೆ, ಹುಣ್ಣಿಮೆಗೆ ಹುಲಿಗಿ ಅಮ್ಮನ ಗುಡಿಗೆ ಕರ್ಕೊಂಡು ಹೋಗು ಅಂತಾರೆ. ಚಿಗಪ್ಪನ ಮಗ ಮಾತ್ರೆ ಇವತ್ತೇ ಬಂದ್ ಮಾಡು ಅಂತಾನೆ. ಆಸ್ಪತ್ರೆಯಲ್ಲಿ ಶುಗರ್ ಏರುತ್ತೆ, ಗ್ಯಾಸ್ ಆಗುತ್ತೆ ಅಂತ ಹೇಳಿದ್ರು, ತಲೆ ಬಗ್ಗೆ ಯಾರೂ ಒಂದು ಮಾತು ಹೇಳ್ಲಿಲ್ಲ. ಚರ್ಮದ ಮಾತ್ರೆಗೆ ಮನಸ್ಸು ಹಿಂಗೆ ಆಗುತ್ತಾ?


ಮೆಡಿಕಲ್_ಸಿಂಧನೂರು
ರಾತ್ರಿ 11:58

ಅಣ್ಣಾ ಮೊದ್ಲು ಒಂದು ಮಾತು, ಮಾತ್ರೆ ನೀವಾಗೇ ಬಂದ್ ಮಾಡ್ಬ್ಯಾಡ್ರಿ. ನಾನು ಡಾಕ್ಟ್ರಲ್ಲ, ಹದಿನಾಲ್ಕು ವರ್ಷದಿಂದ ಮೆಡಿಕಲ್ ಅಂಗಡಿ ನೋಡ್ಕೊಂಡೀನಿ, ಅದರ ಅನುಭವದಾಗ ಹೇಳಾಕತ್ತೀನಿ.

ಈ ಮಾತ್ರೆ ಹೊರಗಿನ ವಿಷ ಅಲ್ಲ. ಕಿಡ್ನಿ ಮ್ಯಾಲ ಟೊಪ್ಪಿಗಿ ಇಟ್ಟಂಗ ಅಡ್ರಿನಲ್ ಅಂತ ಗ್ರಂಥಿ ಕುಂತಿರ್ತದ, ಅದು ದಿನಾ ಕಾರ್ಟಿಸೋಲ್ ಅಂತ ಸ್ಟೀರಾಯ್ಡ್ ತಾನೇ ಮಾಡ್ತದ. ಅದನ್ನ ಪ್ರೆಡ್ನಿಸೋಲೋನ್ ಲೆಕ್ಕಕ್ಕ ಹಾಕಿದ್ರ ದಿನಕ್ಕ 5 ರಿಂದ 7 ಎಂಜಿ ಆಗ್ತದ. ಅವ್ವಾರು ತಗೊಳೋದು 60, ಅಂದ್ರ ಹತ್ತು ಪಟ್ಟು ಹತ್ರ. ಹೊರಗಿಂದ ಅಷ್ಟು ಬಂದ್ರ ಒಳಗಿಂದು ಸುಮ್ಮನಾಗ್ತದ. ದಿನಾ ಮನಿ ಮುಂದ ಟ್ಯಾಂಕರ್ ನೀರು ಬರಾಕತ್ತಿದ್ರ ನಾವು ಬೋರಿನ ಮೋಟಾರ್ ಬಂದ್ ಮಾಡಿ ಬಿಡ್ತೀವಲ್ಲ ಹಂಗ. ತಿಂಗಳುಗಟ್ಟಲೆ ಬಿಟ್ಟ ಮೋಟಾರ್ ಟ್ಯಾಂಕರ್ ನಿಂತ ದಿನನೇ ನೀರು ಎತ್ತಲ್ಲ. ಬಿಪಿ ಬೀಳ್ತದ, ವಾಂತಿ, ಸುಸ್ತು, ಜೀವಕ್ಕೂ ಅಪಾಯ. 9 ದಿನಕ್ಕ ಅಷ್ಟೊಂದು ಆಗಿರಲಿಕ್ಕಿಲ್ಲ, ಆದ್ರ ಒಮ್ಮಿಂದೊಮ್ಮೆ ನಿಲ್ಸಿದ್ರ ಗುಳ್ಳಿ ವಾಪಸ್ ಎದ್ದು ಬರ್ತಾವ. ಅದು ಸಣ್ಣ ರೋಗ ಅಲ್ಲ.

ಎರಡನೇದು, ಮನಸ್ಸಿಗೆ ಆಗ್ತದಾ ಅಂದ್ರ ಆಗ್ತದ. ಕೋವಿಡ್ ಎರಡನೇ ಅಲಿಯಾಗ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ತಗೊಂಡೋರ ಮನಿಯವ್ರು ಅಂಗಡಿಗೆ ಬಂದು "ನಮ್ಮಪ್ಪ ರಾತ್ರಿಯಿಡೀ ಮಾತಾಡ್ತಾನ, ಲೆಕ್ಕ ಬರೀತಾನ" ಅಂತ ಹೇಳಿದ್ದು ನಂಗ ನೆನಪದ. ಅದು 6 ಎಂಜಿ ಅಷ್ಟೇ, ಆದ್ರ ಡೆಕ್ಸಾ 6 ಅಂದ್ರ ಪ್ರೆಡ್ನಿಸೋಲೋನ್ 40ಕ್ಕ ಸಮ. ಜೀವ ಉಳ್ಸಿದ್ದೂ ಅದೇ ಮಾತ್ರಿ, 2020 ಜೂನ್‌ದಾಗ ಇಂಗ್ಲೆಂಡಿನ ರಿಕವರಿ ಟ್ರಯಲ್ ಹೇಳಿದ್ದೂ ಅದನ್ನ, ವೆಂಟಿಲೇಟರ್ ಮ್ಯಾಲ ಇದ್ದೋರ ಸಾವು ಮೂರನೇ ಒಂದು ಪಾಲು ಕಡಿಮಿ ಆತು ಅಂತ.

ಈಗ ಹೇಳ್ರಿ, ಮಾತ್ರಿ ಯಾವ ಟೈಮಿಗೆ ಕೊಡ್ತೀರಿ? ಶುಗರ್ ನೋಡ್ಸಿದ್ರಾ? ಸಾಯ್ತೀನಿ ಅಂತ ಏನರ ಅಂದಾರಾ? ಅಂದಿದ್ರ ಬೆಳಗಾಗೋದು ಕಾಯ್ಬ್ಯಾಡ್ರಿ, ಈಗ್ಲೇ ಹೊರಡ್ರಿ. ಮನಸ್ಸಿನ ಬಗ್ಗೆ ಕೇಳೋಕ ಸರ್ಕಾರದ ಟೆಲಿ ಮಾನಸ್ 14416 ಅದ, ರಾತ್ರಿನೂ ಎತ್ತತಾರ, ಕನ್ನಡದಾಗ ಮಾತಾಡ್ತಾರ.


ಸಿರುಗುಪ್ಪ_ಗದ್ದೆ
ರಾತ್ರಿ 12:10

ಸಾಯ್ತೀನಿ ಅಂತ ಅಂದಿಲ್ಲ ಅಣ್ಣ. ಮಾತ್ರೆ 20ರದ್ದು ಮೂರು, ರಾತ್ರಿ ಊಟ ಆದ್ಮೇಲೆ ಕೊಡ್ತಿದೀವಿ. ಚೀಟಿಯಲ್ಲಿ ದಿನಕ್ಕೆ ಒಮ್ಮೆ ಊಟ ಆದ್ಮೇಲೆ ಅಂತ ಇತ್ತು, ರಾತ್ರಿ ಚೆನ್ನಾಗಿ ಉಣ್ತಾಳಲ್ಲ ಅಂತ ನಾವೇ ಹಂಗೆ ಮಾಡ್ಕೊಂಡ್ವಿ. ಶುಗರ್ ನೋಡ್ಸಿಲ್ಲ.


ಮೆಡಿಕಲ್_ಸಿಂಧನೂರು
ರಾತ್ರಿ 12:14

ಅಯ್ಯೋ ಅಣ್ಣಾ, ಅದು ಮುಂಜಾನಿ ನಾಷ್ಟಾ ಆದ ಮ್ಯಾಲ ತಗೊಳೋ ಮಾತ್ರಿ. ರಾತ್ರಿಗೆ ಕೊಟ್ರ ಇದ್ದ ನಿದ್ದಿನೂ ಹೋಗ್ತದ. ನಾಳೆ ಮುಂಜಾನೆನೇ ಬರ್ಕೊಟ್ಟ ಡಾಕ್ಟ್ರಿಗೆ ಫೋನ್ ಹಚ್ಚಿ ಟೈಮ್ ಹೆಂಗ ಬದಲಾಯಿಸ್ಬೇಕು ಕೇಳ್ರಿ, ಒಂದೇ ದಿನಕ್ಕ ಎರಡು ಡೋಸ್ ಬೀಳೋದು ಬ್ಯಾಡ. ಹುಣಸಿಹಣ್ಣು ತಿಕ್ಕಿದ್ದು, ರೊಕ್ಕ ಕೊಟ್ಟದ್ದು, ನಿದ್ದಿ ಎಷ್ಟು ತಾಸು, ಎಲ್ಲಾ ಒಂದು ಹಾಳಿ ಮ್ಯಾಲ ದಿನದ ಪ್ರಕಾರ ಬರ್ಕೊಂಡು ಹೋಗ್ರಿ. ಓಪಿಡಿಯಾಗ ಎರಡು ನಿಮಿಷ ಸಿಗ್ತದ, ಬಾಯಿಲೆ ಹೇಳಾಕ ಹೋದ್ರ ಅರ್ಧ ಮರೀತದ.


ಕಂಪ್ಲಿ_ಬಾಳೆತೋಟ
ಬೆಳಿಗ್ಗೆ 6:20

ಹುಲಿಗೆಮ್ಮನ ಹತ್ರ ಹೋಗೋದಾದ್ರೆ ಹೋಗ್ರಿ, ಅವ್ವಂಗೆ ಸಮಾಧಾನ ಆಗುತ್ತೆ. ಆದ್ರೆ ಹೋಗೋ ಮುಂಚೆ ಡಾಕ್ಟ್ರನ್ನ ನೋಡ್ರಿ, ಹೋಗುವಾಗ ಮಾತ್ರೆ ಡಬ್ಬಿ ಜೊತೆಗಿರ್ಲಿ.


ಜೀವಶಾಸ್ತ್ರ_ಮೇಡಂ_ರಾಯಚೂರು
ಬೆಳಿಗ್ಗೆ 7:45

ತಮ್ಮಾ, ನಿನ್ನ ಬರಹ ಓದಿ ಕೈ ನಡುಗ್ತು. ಪಿಯು ಹುಡುಗರಿಗೆ ಹಾರ್ಮೋನ್ ಪಾಠ ಮಾಡ್ತೀನಿ ನಾನು, ಆದ್ರ ಮನಿಯೊಳಗ ಅದು ಹಿತ್ತಾಳಿ ಕೊಡದ ರೂಪದಾಗ ಬರ್ತದ ಅಂತ ಪುಸ್ತಕ ಹೇಳಂಗಿಲ್ಲ. ನೀ ಕೇಳಿದ್ದು "ಚರ್ಮದ ಮಾತ್ರೆಗೆ ಮನಸ್ಸು ಯಾಕ" ಅಂತ, ಅದಕ್ಕ ಬಿಡಿಸಿ ಹೇಳ್ತೀನಿ, ಯಾಕಂದ್ರ ಯಾಕ ಅಂತ ಗೊತ್ತಾದ್ರ ಅವ್ವನ ಮ್ಯಾಲ ಸಿಟ್ಟು ಬರಂಗಿಲ್ಲ.

ಸ್ಟೀರಾಯ್ಡ್ ಹಾರ್ಮೋನ್ ಎಲ್ಲಾ ಒಂದೇ ತಾಯಿ ಮಕ್ಕಳು, ಆ ತಾಯಿ ಕೊಲೆಸ್ಟ್ರಾಲ್. ಕಾರ್ಟಿಸೋಲ್, ಗಂಡಸರ ಟೆಸ್ಟೋಸ್ಟೆರೋನ್, ಹೆಂಗಸರ ಈಸ್ಟ್ರೋಜನ್ ಪ್ರೊಜೆಸ್ಟೆರೋನ್, ಎಲ್ಲಾ ಅದರಿಂದನೇ ಆಗ್ತಾವ. ಹೆಂಗಸರ ಅಂದೆ ನೋಡು, ಅದೂ ಪೂರ್ತಿ ಸರಿ ಅಲ್ಲ, ಇಬ್ಬರ ಮೈಯಾಗೂ ಎರಡೂ ಇರ್ತಾವ, ಪ್ರಮಾಣ ಬೇರೆ ಅಷ್ಟ. ಕೊಬ್ಬಿನ ಜಾತಿ ಆಗಿದ್ದಕ್ಕ ಇವಕ್ಕ ಜೀವಕೋಶದ ಗ್ವಾಡಿ ಅಡ್ಡ ಬರಂಗಿಲ್ಲ. ಮಿದುಳಿಗೆ ರಕ್ತದಿಂದ ಕಂಡದ್ದೆಲ್ಲಾ ಹೋಗದಂಗ ಒಂದು ಕಾವಲು ಇರ್ತದ, ಎಷ್ಟೋ ಔಷಧಿ ಅಲ್ಲೇ ನಿಲ್ತಾವ, ಇವು ದಾಟ್ತಾವ. ಕೋಶದ ಒಳಗ ಇವನ್ನ ಹಿಡಿಯೋ ರಿಸೆಪ್ಟರ್ ಇರ್ತಾವ, ಅವಕ್ಕ ಕೂಡಿಕೊಂಡು ಕೋಶಕೇಂದ್ರಕ್ಕ ಹೋಗಿ ಯಾವ ಜೀನ್ ಕೆಲಸ ಮಾಡ್ಬೇಕು ಯಾವುದು ಸುಮ್ಮನಿರ್ಬೇಕು ಅನ್ನೋದನ್ನ ಬದಲು ಮಾಡ್ತಾವ. ಅದಕ್ಕ ಪರಿಣಾಮ ಕಾಣಾಕ ತಾಸುಗಳು, ದಿನಗಳು ಬೇಕು. ಕೆಲವು ಪರಿಣಾಮ ನಿಮಿಷದೊಳಗೂ ಆಗ್ತಾವ, ಅದರ ದಾರಿ ಬೇರೆ.

1968ರಾಗ ಬ್ರೂಸ್ ಮೆಕ್‌ಈವನ್ ಅಂತ ವಿಜ್ಞಾನಿ ನ್ಯೂಯಾರ್ಕಿನ ರಾಕ್‌ಫೆಲರ್ ಯೂನಿವರ್ಸಿಟಿಯಾಗ ಇಲಿಗಳಿಗೆ ಗುರುತು ಹಚ್ಚಿದ ಹಾರ್ಮೋನ್ ಕೊಟ್ಟು ಅದು ಮಿದುಳಿನಾಗ ಎಲ್ಲಿ ಹೋಗಿ ಕೂಡ್ತದ ಅಂತ ನೋಡಿದ್ರು. ಇಲಿಯೊಳಗ ನಮ್ಮ ಕಾರ್ಟಿಸೋಲ್ ಕೆಲಸ ಮಾಡೋದು ಕಾರ್ಟಿಕೋಸ್ಟೆರೋನ್. ಅದು ಹೆಚ್ಚಾಗಿ ಹೋಗಿ ಕೂಡಿದ್ದು ಹಿಪ್ಪೊಕ್ಯಾಂಪಸ್‌ನಾಗ, ಅಂದ್ರ ನೆನಪು ಕಟ್ಟೋ ಜಾಗದಾಗ. ಅಲ್ಲಿತನಕ ಈ ಹಾರ್ಮೋನ್ ಕೆಲಸ ಹೆಚ್ಚಾಗಿ ಕುತ್ತಿಗಿ ಕೆಳಗಿಂದು ಅಂತನೇ ತಿಳ್ಕೊಂಡಿದ್ರು, ಮಿದುಳಿನ ಪಾಲು ಅಂದ್ರ ಬರೀ ಮ್ಯಾಲಿಂದ ಹುಕುಮ್ ಕೊಡೋದು. ಹುಕುಮ್ ಕೊಡೋನೇ ಹುಕುಮ್ ಕೇಳ್ತಾನ ಅಂತ ಗೊತ್ತಾಗಿದ್ದು ಆಗ. ಭಯ, ಸಿಟ್ಟು ನೋಡ್ಕೊಳೋ ಅಮಿಗ್ಡಲಾ, ತಾಳ್ಮಿ ಹಿಡಿಯೋ ಹಣಿ ಹಿಂದಿನ ಭಾಗ, ಅಲ್ಲೂ ಇದೇ ರಿಸೆಪ್ಟರ್ ಅವ.

ಇನ್ನ ಟೈಮು. ಕಾರ್ಟಿಸೋಲ್ ನಸುಕಿನಾಗ ಏರ್ತದ, ಎದ್ದ ಮ್ಯಾಲ ಸ್ವಲ್ಪ ಹೊತ್ತಿಗೆ ತುದಿ ಮುಟ್ತದ, ಆಮ್ಯಾಲ ಇಳೀತಾ ಇಳೀತಾ ಮಧ್ಯರಾತ್ರಿ ಹೊತ್ತಿಗೆ ತಳ. ನೀವು ತಳದ ಹೊತ್ತಿಗೆ ತುದಿಗಿಂತ ದೊಡ್ಡ ಡೋಸ್ ಕೊಟ್ರಿ. ಅವ್ವನ ಮಿದುಳಿಗೆ ಅದು ಸೂರ್ಯ ಹುಟ್ಟಿದಂಗ. ಹಬ್ಬದ ಮುಂಜಾನಿ ಅಂತನೇ ತಿಳಿದಿದ್ದಾಳ ಆಕಿ, ಸುಳ್ಳು ಹೇಳಿಲ್ಲ.

ಇದು ಹೊಸ ವಿಷಯನೂ ಅಲ್ಲ. 1948ರಾಗ ಅಮೆರಿಕದ ಮೇಯೋ ಕ್ಲಿನಿಕ್‌ನಾಗ ಫಿಲಿಪ್ ಹೆಂಚ್ ಅವರು ಸಂದಿವಾತದಿಂದ ಅಲ್ಲಾಡಾಕೂ ಆಗದಿದ್ದ ಒಬ್ಬ ಹೆಣ್ಮಗಳಿಗೆ ಮೊದಲ ಸಲ ಕಾರ್ಟಿಸೋಲ್ ಜಾತಿದೇ ಆದ ಕಾರ್ಟಿಸೋನ್ ಚುಚ್ಚಿದ್ರು, ಕೆಲವೇ ದಿನಕ್ಕ ಆಕಿ ಎದ್ದು ನಡೆದಾಡಿದ್ಲು. 1950ಕ್ಕ ನೊಬೆಲ್ ಬಂತು. ಆ ಮೊದಲ ವರ್ಷಗಳಾಗೇ ಕೆಲವು ರೋಗಿಗಳು ವಿಪರೀತ ಹಿಗ್ಗೋದು, ನಿದ್ದಿ ಬಿಡೋದು, ಇಲ್ಲದ್ದು ಕಾಣೋದು ಡಾಕ್ಟ್ರ ಕಣ್ಣಿಗೆ ಬಿದ್ದಿತ್ತು. 1972ರಾಗ ಬಾಸ್ಟನ್ ಕಡೆ ಆಸ್ಪತ್ರೆಗಳ ಲೆಕ್ಕ ಬಂತು, ಪ್ರೆಡ್ನಿಸೋನ್ (ಅವ್ವನ ಮಾತ್ರಿ ಜಾತಿದೇ, ಅಳತಿನೂ ಅದೇ) 40 ಎಂಜಿ ತನಕ ತಗೊಂಡೋರಾಗ ಇಂಥ ಮಾನಸಿಕ ತೊಂದ್ರಿ 100ಕ್ಕ 1.3, 41 ರಿಂದ 80ರ ಒಳಗ 4.6, 80 ದಾಟಿದ್ರ 18.4. ಅವ್ವನ 60 ನಡುವಿನ ಸಾಲಿನಾಗ ಬೀಳ್ತದ. ಬಹಳ ಮಂದಿಗೆ ಶುರು ಆಗೋದು ಮೊದಲ ಒಂದೆರಡು ವಾರದೊಳಗ. ಡೋಸ್ ಇಳಿದಂಗ ಇದೂ ಇಳೀತದ, ಹೆಚ್ಚಿನೋರಿಗೆ ದಿನಗಳಾಗ ಇಲ್ಲ ವಾರಗಳಾಗ. ಧೈರ್ಯ ತಗೋ.


ಕೊಪ್ಪಳದ_ಸೊಸಿ
ಬೆಳಿಗ್ಗೆ 10:05

ಮೇಡಂ ಬರೆದದ್ದು ಓದಿ ನಾನೂ ಬರೀಬೇಕು ಅನಸ್ತು. ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ.

ನನ್ನ ಮೊದಲನೇ ಹೆರಿಗಿ ಆಗಿ ಐದನೇ ದಿನಕ್ಕ ನನಗ ಕೂಸು ನಂದಲ್ಲ ಅನ್ನಾಕ ಶುರು ಆತು. ದವಾಖಾನ್ಯಾಗ ಬದಲಿ ಮಾಡ್ಯಾರ ಅಂತ ಪಕ್ಕಾ ನಂಬಿದ್ದೆ. ಕೂಸಿನ ಎಡಗಿವಿ ಹಿಂದ ಒಂದು ಕರಿ ಮಚ್ಚಿ ಐತಿ, ಅದನ್ನ ಯಾರೋ ಕಾಡಿಗಿಲೆ ಬರದಾರ ಅಂತ ಒದ್ದಿ ಅರಿವಿ ತಗೊಂಡು ತಿಕ್ಕಾಕ ಹತ್ತಿದ್ದೆ. ಕಿವಿ ಕೆಂಪಾಗಿ ಕೂಸು ಚೀರಾಕತ್ತಿತ್ತು, ನಾ ನಿಲ್ಲಿಸಲಿಲ್ಲ. ನಮ್ಮವ್ವ ಬಂದು ಕೈ ಹಿಡಕೊಂಡ್ಲು. ಬಾಣಂತಿ ಸನ್ನಿ ಅಂದ್ರು. ಗಾಳಿ ಆಡಬಾರದು ಅಂತ ಕಿಟಕಿ ಮುಚ್ಚಿ, ಕಿವಿಗೆ ಅರಳಿ ಇಟ್ಟು, ಕೋಣ್ಯಾಗ ಹೊಗಿ ಹಾಕಿದ್ರು, ಏಪ್ರಿಲ್ ತಿಂಗಳ ಕೊಪ್ಪಳದ ಬಿಸಲಾಗ. ಎಂಟು ದಿನ. ಆಮ್ಯಾಲ ನಮ್ಮ ಮಾವ, ಸಾಲಿ ಮಾಸ್ತರ್ ಅವರು, ಎಲ್ಲರ ಕೂಡ ಜಗಳಾಡಿ ಗಾಡಿ ಮಾಡಿ ಮನಸ್ಸಿನ ಡಾಕ್ಟ್ರ ಹಂತೇಕ ಕರಕೊಂಡು ಹೋದ್ರು. ಎರಡು ತಿಂಗಳಿಗೆ ನಾ ನಾನಾದೆ.

ನನಗ ಇವತ್ತಿಗೂ ಆ ಕಿವಿ ನೆನಪಾದ್ರ ಹೊಟ್ಟಿ ಹಿಂಡತೈತಿ. ಮಗಳಿಗೆ ಈಗ ಒಂಬತ್ತು ವರ್ಷ. ಮೇಡಂ, ಅದೂ ಹಾರ್ಮೋನ್ ಆಟ ಏನ್ರೀ?


ಜೀವಶಾಸ್ತ್ರ_ಮೇಡಂ_ರಾಯಚೂರು
ಬೆಳಿಗ್ಗೆ 11:30

ತಂಗಿ, ಮೊದಲು ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳು.

ಬಸುರಿ ಇದ್ದಾಗ ಈಸ್ಟ್ರೋಜನ್ ಪ್ರೊಜೆಸ್ಟೆರೋನ್ ಬೇರೆ ಯಾವಾಗೂ ಇಲ್ಲದಷ್ಟು ಎತ್ತರಕ್ಕ ಹೋಗಿರ್ತಾವ, ಕಸ ಬಿದ್ದ ಮ್ಯಾಲ ಕೆಲವೇ ದಿನದಾಗ ತಳಕ್ಕ ಬೀಳ್ತಾವ. ಇಷ್ಟು ದೊಡ್ಡ ಇಳಿತ ಹೆಣ್ಣಿನ ಜೀವನದಾಗ ಮತ್ತೆಲ್ಲೂ ಇಲ್ಲ. ಪ್ರೊಜೆಸ್ಟೆರೋನ್‌ದಿಂದ ಅಲೋಪ್ರೆಗ್ನನೋಲೋನ್ ಅಂತ ಇನ್ನೊಂದು ಸ್ಟೀರಾಯ್ಡ್ ಆಗ್ತದ, ಅದರ ಒಂದಿಷ್ಟು ಮಿದುಳಿನೊಳಗೇ ತಯಾರಾಗ್ತದ. ಮಿದುಳು ತಾನೇ ಸ್ಟೀರಾಯ್ಡ್ ಮಾಡ್ತದ ಅಂತ ಫ್ರಾನ್ಸಿನ ಬೋಲಿಯೋ ಅವರ ತಂಡ 1981ರಾಗ ಹೇಳಿತ್ತು. ಈ ಅಲೋಪ್ರೆಗ್ನನೋಲೋನ್ ಕೆಲಸ ಏನಪಾ ಅಂದ್ರ ನರಗಳಿಗೆ ಬ್ರೇಕ್ ಹಾಕೋ ಗಾಬಾ ರಿಸೆಪ್ಟರ್‌ಗೆ ಬಲ ಕೊಡೋದು. ಒಂಬತ್ತು ತಿಂಗಳು ಆ ಬಲಕ್ಕ ಹೊಂದಿಕೊಂಡ ಮಿದುಳಿಂದ ಅದನ್ನ ಒಮ್ಮೆಲೇ ಕಸಗೊಂಡಂಗ ಆಗ್ತದ. ಅದಕ್ಕ ಮೂರು ನಾಕನೇ ದಿನ ಸುಮ್ಮಸುಮ್ಮನ ಅಳು ಬರೋದು ಅರ್ಧಕ್ಕಿಂತ ಹೆಚ್ಚು ಬಾಣಂತ್ಯಾರಿಗೆ ಆಗ್ತದ, ಎರಡು ವಾರದೊಳಗ ತಾನೇ ಹೋಗ್ತದ. ಎರಡು ವಾರ ದಾಟಿ ಹಿಡ್ಕೊಂಡ್ರ ಅದು ಖಿನ್ನತೆ. ನಿನಗ ಆಗಿದ್ದು ಮೂರನೇದು, ಅಪರೂಪದ್ದು, ಸಾವಿರ ಹೆರಿಗಿಗೆ ಒಂದೋ ಎರಡೋ, ಒಂದು ತಾಸೂ ತಡ ಮಾಡಬಾರದ್ದು. ಎಲ್ಲರಿಗೂ ಹಾರ್ಮೋನ್ ಬೀಳ್ತದ, ಎಲ್ಲರಿಗೂ ಸನ್ನಿ ಬರಂಗಿಲ್ಲ, ಹುಟ್ಟಿನಿಂದ ಬಂದ ಗುಣನೂ ನಿದ್ದಿಗೇಡೂ ಅದರ ಜೊತಿ ಕೂಡ್ತಾವ. ಖಿನ್ನತೆಗೆ ಈ ಅಲೋಪ್ರೆಗ್ನನೋಲೋನನ್ನೇ ಔಷಧಿ ಮಾಡಿ 2019ರಾಗ ಅಮೆರಿಕದಾಗ ಒಪ್ಪಿಗಿ ಕೊಟ್ರು, 60 ತಾಸು ಡ್ರಿಪ್ ಹಚ್ಚೋದಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಾಗ ತಾಯಿ ಕೂಸು ಇಬ್ಬರನ್ನೂ ಕೂಡಿಸೇ ಇಟ್ಕೊಳೋ ವಾರ್ಡ್ 2009ರಿಂದ ಅದ. ಮುಂದಿನ ಹೆರಿಗಿ ಯೋಚನಿ ಇದ್ರ ಮೊದಲೇ ಡಾಕ್ಟ್ರಿಗೆ ಹಿಂದಿಂದು ಹೇಳಬೇಕು ತಂಗಿ, ಮತ್ತ ಬರೋ ಸಂಭವ ಇರ್ತದ, ಮುಂಚೆನೇ ತಯಾರಿ ಮಾಡ್ಕೋಬಹುದು.

ಆ ಕಿವಿ ನೀನು ತಿಕ್ಕಿದ್ದಲ್ಲ.


ಬಳ್ಳಾರಿ_ಗರಡಿ
ಮಧ್ಯಾಹ್ನ 1:15

ಇಲ್ಲಿ ಕೇಳ್ಬೋದೋ ಇಲ್ವೋ ಗೊತ್ತಿಲ್ಲ. ಜಿಮ್ಮಲ್ಲಿ ಹೊಡಿಸ್ಕೊಳೋ ಸ್ಟೀರಾಯ್ಡೂ ಇದೇನಾ? ನನ್ನ ಫ್ರೆಂಡ್ ಒಬ್ಬ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ತಗೊಂಡು ಎಂಟು ತಿಂಗಳಲ್ಲಿ ತೋಳು ಕಂಬ ಮಾಡ್ಕೊಂಡ, ಆಗ ಸಿಟ್ಟು ಅಂದ್ರೆ ಸಿಟ್ಟು, ಸಿಗ್ನಲ್ಲಲ್ಲಿ ಹಾರ್ನ್ ಹೊಡ್ದೋನ ಗಾಡಿ ಕೀ ಕಿತ್ಕೊಂಡಿದ್ದ. ಆಮೇಲೆ ಮದ್ವೆ ಮಾತು ಬಂತು ಅಂತ ನಿಲ್ಸಿದ. ನಿಲ್ಸಿದ ಮೇಲೆ ಆಗಿದ್ದು ಇನ್ನೂ ಕೆಟ್ಟದ್ದು, ಹಾಸಿಗೆ ಬಿಟ್ಟು ಏಳ್ತಿಲ್ಲ, ಜೀನ್ಸ್ ಯೂನಿಟ್ ಕೆಲ್ಸ ಬಿಟ್ಟ, ಯಾವುದಕ್ಕೂ ಅರ್ಥ ಇಲ್ಲ ಬಿಡು ಮಚ್ಚಾ ಅಂತಾನೆ. ಮನೇಲಿ ಲವ್ ಫೇಲ್ಯೂರ್ ಅಂದ್ಕೊಂಡಿದಾರೆ.


ಮೆಡಿಕಲ್_ಸಿಂಧನೂರು
ಮಧ್ಯಾಹ್ನ 1:40

ತಮ್ಮಾ ಹೆಸರೊಂದೇ, ಕೆಲಸ ಬೇರೆ. ಅವ್ವಾರದ್ದು ಕಾರ್ಟಿಸೋಲ್ ಜಾತಿ, ನಿಮ್ಮ ಗೆಳೆಯಂದು ಟೆಸ್ಟೋಸ್ಟೆರೋನ್ ಜಾತಿ. ಆದ್ರ ಬಂದ್ ಆಗೋ ಕಥಿ ಎರಡಕ್ಕೂ ಒಂದೇ, ಹೊರಗಿಂದ ಬಂತು ಅಂದ್ರ ವೃಷಣ ತನ್ನ ಕೆಲಸ ಬಿಡ್ತಾವ, ಸಣ್ಣಾಗ್ತಾವ, ವೀರ್ಯಾಣುನೂ ಇಳೀತದ. ಇಂಜೆಕ್ಷನ್ ನಿಲ್ಸಿದ ದಿನ ಮೈಯಾಗ ಹೊರಗಿಂದೂ ಇಲ್ಲ ಒಳಗಿಂದೂ ಇಲ್ಲ, ವಾಪಸ್ ಬರಾಕ ತಿಂಗಳುಗಟ್ಟಲೆ ಬೇಕು. ಆ ಟೈಮಿನಾಗ ಬರೋ ಖಿನ್ನತೆ ಜೀವ ತೆಗೆಯುವಂಥದ್ದು. ಲವ್ ಫೇಲ್ಯೂರ್ ಅಲ್ಲ ಅಂತ ಮನಿಯವ್ರಿಗೆ ನೀವೇ ಹೇಳ್ರಿ, ಅಂವ ಹೇಳಂಗಿಲ್ಲ. ಹಾರ್ಮೋನ್ ಡಾಕ್ಟ್ರಿಗೆ, ಅಂದ್ರ ಎಂಡೋಕ್ರೈನಾಲಜಿಸ್ಟ್‌ಗೆ, ಮತ್ತ ಮನಸ್ಸಿನ ಡಾಕ್ಟ್ರಿಗೆ ಇಬ್ಬರಿಗೂ ತೋರಿಸ್ಬೇಕು. ಈ ವಾರನೇ. ಒಬ್ಬನೇ ಬಿಡ್ಬ್ಯಾಡ್ರಿ.


ತೋರಣಗಲ್ಲು_ಬಿ_ಶಿಫ್ಟ್
ಮಧ್ಯಾಹ್ನ 2:30

ಒಂದು ಮಾತು ಒಪ್ಪೋಕೆ ಆಗ್ತಿಲ್ಲ ನಂಗೆ. ಎಲ್ಲಾ ಹಾರ್ಮೋನ್ ಮೇಲೆ ಹಾಕಿದ್ರೆ ಮನುಷ್ಯಂದು ತಪ್ಪೇ ಇಲ್ವಾ? ನಾಳೆ ಹೆಂಡ್ತಿಗೆ ಹೊಡ್ದೋನೂ ನನ್ನ ಟೆಸ್ಟೋಸ್ಟೆರೋನ್ ಜಾಸ್ತಿ ಅಂತಾನೆ.


ಪಶುವೈದ್ಯ_ಲಿಂಗಸುಗೂರು
ಮಧ್ಯಾಹ್ನ 3:50

ಒಳ್ಳೆ ಪ್ರಶ್ನಿ. ನಾ ದನದ ಡಾಕ್ಟ್ರು, ದಿನಾ ಇದೇ ಕೆಲಸ ನಂದು, ಹೋರಿನ ಎತ್ತು ಮಾಡೋದು. ಬೀಜ ಒಡಿಸಿದ ಮ್ಯಾಲ ಹೋರಿ ಸೌಮ್ಯ ಆಗ್ತದ ಅಂತ ನಮ್ಮ ರೈತರಿಗೆ ಸಾವಿರಾರು ವರ್ಷದಿಂದ ಗೊತ್ತದ, ಯಾಕ ಅನ್ನೋದು ಗೊತ್ತಿರ್ಲಿಲ್ಲ. 1849ರಾಗ ಜರ್ಮನಿಯ ಗೊಟ್ಟಿಂಗೆನ್‌ದಾಗ ಬರ್ತೊಲ್ಡ್ ಅನ್ನೋರು ಆರು ಹುಂಜದ ಮರಿ ತಗೊಂಡು ಬೀಜ ತೆಗೆದ್ರು. ಎರಡನ್ನ ಹಂಗೇ ಬಿಟ್ರು, ಉಳಿದ ನಾಕರ ಹೊಟ್ಟಿಯೊಳಗ ಒಂದೊಂದು ಬೀಜ ವಾಪಸ್ ಇಟ್ರು, ಎರಡಕ್ಕ ತಮ್ಮದೇ, ಎರಡಕ್ಕ ಬೇರೆ ಹುಂಜದ್ದು. ವಾಪಸ್ ಇಟ್ಟ ನಾಕೂ ದೊಡ್ಡವಾಗಿ ಕೂಗಿದ್ವು, ಜಗಳ ಆಡಿದ್ವು, ಹ್ಯಾಟಿ ಹಿಂದ ಹತ್ತಿದ್ವು. ಉಳಿದೆರಡು ಸುಮ್ಮನ ಉಳಿದ್ವು. ನರದ ಹಳೇ ಸಂಬಂಧ ಕಡಿದು ಹೋಗಿತ್ತು, ಆದ್ರೂ ಗುಣ ಬಂತು ಅಂದ್ರ ರಕ್ತದಾಗ ಏನೋ ಹೋಗ್ತದ ಅಂತ ಅವರಿಗೆ ಗೊತ್ತಾತು. ಹಾರ್ಮೋನ್ ಅನ್ನೋ ಶಬ್ದನೇ ಆಗ ಇದ್ದಿಲ್ಲ.

ಈಗ ನಿಮ್ಮ ಪ್ರಶ್ನಿಗೆ. ಎಳೆ ವಯಸ್ಸಿನಾಗ ಬೀಜ ಒಡಿಸಿದ ಹೋರಿ ಪೂರ್ತಿ ಎತ್ತು ಆಗ್ತದ. ನಾಕೈದು ವರ್ಷ ಹೋರಿಯಾಗಿ ತಿರುಗಾಡಿ, ಹತ್ತು ಹೋರಿ ಜೊತಿ ಕಾದಾಡಿ ಆಮ್ಯಾಲ ಒಡಿಸಿದ್ರ ಹಾರ್ಮೋನ್ ಹೋಗ್ತದ, ಚಾಳಿ ಅಷ್ಟು ಸುಲಭ ಹೋಗಂಗಿಲ್ಲ. ಕೊಂಬು ಇಳಿಸಿ ನಿಲ್ಲೋದು ಹಂಗೇ ಇರ್ತದ. ಅಂದ್ರ ಕಲಿತದ್ದಕ್ಕೂ ಒಂದು ಪಾಲು ಅದ. ಹುಟ್ಟೋ ಮುಂಚೆ ಏನಾತು ಅನ್ನೋದಕ್ಕೂ ಪಾಲು ಅದ, 1959ರಾಗ ಫೀನಿಕ್ಸ್, ಗೋಯ್, ಜೆರಾಲ್, ಯಂಗ್ ಅನ್ನೋ ನಾಲ್ವರು ಬಸುರಿ ಗಿನಿಪಿಗ್‌ಗೆ ಟೆಸ್ಟೋಸ್ಟೆರೋನ್ ಕೊಟ್ಟು, ಹುಟ್ಟಿದ ಹೆಣ್ಣು ಮರಿಗಳು ದೊಡ್ಡವಾದ ಮ್ಯಾಲ ಗಂಡಿನಂಗ ನಡಕೊಳೋದು ತೋರಿಸಿದ್ರು. ನಮ್ಮ ಕಡೆ ಅವಳಿ ಕರು ಒಂದು ಗಂಡು ಒಂದು ಹೆಣ್ಣು ಹುಟ್ಟಿದ್ರ ಆ ಮಣಕ ಗಬ್ಬ ನಿಲ್ಲಂಗಿಲ್ಲ ಅಂತ ಸಂತ್ಯಾಗ ಮಾರಿ ಬಿಡ್ತಾರಲ್ಲ, ಅದೂ ಇದೇ ವಿಷಯ, ಹೊಟ್ಟಿಯೊಳಗ ಇಬ್ಬರ ರಕ್ತ ಕೂಡಿ ಗಂಡಿನ ಹಾರ್ಮೋನ್ ಹೆಣ್ಣಿಗೂ ಮುಟ್ಟಿರ್ತದ.


ಜೀವಶಾಸ್ತ್ರ_ಮೇಡಂ_ರಾಯಚೂರು
ಸಂಜೆ 5:20

ತೋರಣಗಲ್ಲಿನವರು ಕೇಳಿದ್ದು ನ್ಯಾಯವಾದ ಮಾತು. ಜ್ಯೂರಿಚ್‌ನಾಗ ಮಾಡಿದ ಒಂದು ಪ್ರಯೋಗ 2010ರಾಗ ನೇಚರ್ ಪತ್ರಿಕೆಯಾಗ ಬಂತು. ಹೆಣ್ಮಕ್ಕಳಿಗೆ ನಾಲಿಗಿ ಕೆಳಗ ಟೆಸ್ಟೋಸ್ಟೆರೋನ್ ಕೊಟ್ರು, ಕೆಲವರಿಗೆ ಖಾಲಿ ಔಷಧಿ, ಯಾರಿಗೂ ಯಾವುದು ಅಂತ ಹೇಳ್ಲಿಲ್ಲ. ಆಮ್ಯಾಲ ರೊಕ್ಕ ಹಂಚೋ ಆಟ ಆಡಿಸಿದ್ರು. ಟೆಸ್ಟೋಸ್ಟೆರೋನ್ ತಗೊಂಡೋರು ಎದುರಿನೋರಿಗೆ ಹೆಚ್ಚು ನ್ಯಾಯವಾಗಿ ಹಂಚಿದ್ರು. ಆದ್ರ "ನನಗ ಟೆಸ್ಟೋಸ್ಟೆರೋನೇ ಸಿಕ್ಕದ" ಅಂತ ನಂಬಿದೋರು, ಸಿಕ್ಕಿರಲಿ ಬಿಡಲಿ, ಕಡಿಮಿ ಹಂಚಿದ್ರು. ಹಾರ್ಮೋನ್ ಒಂದು ಮಾಡ್ತು, ಹಾರ್ಮೋನ್ ಬಗ್ಗೆ ಇರೋ ನಂಬಿಕಿ ಇನ್ನೊಂದು ಮಾಡ್ತು. ಅದಕ್ಕ ಹೆಂಡ್ತಿಗೆ ಹೊಡೆಯೋನು ಆ ಮಾತು ಹೇಳಿದ್ರ ನಾ ಒಪ್ಪಂಗಿಲ್ಲ, ಸಹಜ ಮಟ್ಟದ ಟೆಸ್ಟೋಸ್ಟೆರೋನ್ ಯಾರ ಕೈನೂ ಎತ್ತಿಸಂಗಿಲ್ಲ. ಹತ್ತು ಪಟ್ಟು ಡೋಸ್ ಮೈಯಾಗ ಇದ್ದಾಗಿನ ಮಾತು ಬೇರೆ. ಸಿರುಗುಪ್ಪದ ಅವ್ವ ಸೊಸಿಗೆ ಅಂದ ಮಾತನ್ನ ಆಕಿ ಲೆಕ್ಕಕ್ಕ ಬರೀಬ್ಯಾಡ್ರಿ.


ಮಾನ್ವಿ_ಹತ್ತಿ
ಸಂಜೆ 6:10

ಮೆಡಿಕಲ್ ಅಣ್ಣಾರೆ, ನಮ್ಮತ್ತಿ ಮೊಣಕಾಲು ನೋವಿಗೆ ಒಬ್ಬರ ಹತ್ರ ಪುಡಿ ಪೊಟ್ಟಣ ತಗೋತಾಳ, ಎರಡು ವರ್ಷ ಆತು. ತಗೊಂಡ ದಿನ ಓಡಾಡ್ತಾಳ. ಆದ್ರ ಮುಖ ದುಂಡಗ ಊದ್ಯದ, ಹೊಟ್ಟಿ ಮ್ಯಾಲ ಕೆಂಪು ಗೆರಿ, ಕೈಕಾಲು ಮಾತ್ರ ಸಣ್ಣ, ಮೈ ಬಂದದ ಅಂತ ನಾವು ಖುಷಿಯಾಗಿದ್ವಿ. ಈಗ ಯಾರ ಕೂಡನೂ ಮಾತಿಲ್ಲ, ಮೂಲ್ಯಾಗ ಕುಂತಿರ್ತಾಳ, ಮೊಮ್ಮಗನ ಹೆಸರು ಮರೀತಾಳ.


ಮೆಡಿಕಲ್_ಸಿಂಧನೂರು
ಸಂಜೆ 6:35

ಅಕ್ಕಾ, ಆ ಪುಡಿಯಾಗ ಸ್ಟೀರಾಯ್ಡ್ ಕಲಸಿರೋ ಅನುಮಾನ ಬಲವಾಗಿ ಬರ್ತದ ನಂಗ. ದುಂಡ ಮುಖ, ಕೆಂಪು ಗೆರಿ, ಸಣ್ಣ ಕೈಕಾಲು, ಇದು ಕುಶಿಂಗ್ ಅನ್ನೋ ಡಾಕ್ಟ್ರು 1932ರಾಗ ಬರೆದಿಟ್ಟ ಚಿತ್ರಾನೇ. ಸ್ವಲ್ಪ ದಿನ ಹೆಚ್ಚು ಡೋಸ್ ಆದ್ರ ಹಿಗ್ಗು ಬರ್ತದ, ವರ್ಷಗಟ್ಟಲೆ ಆದ್ರ ಹಿಂಗ ಕುಗ್ಗಸ್ತದ, ನೆನಪೂ ಹೋಗ್ತದ. ಪುಡಿ ನಾಳೆನೇ ಕಿತ್ತಿ ಒಗೀಬ್ಯಾಡ್ರಿ ಅಕ್ಕಾ, ಎರಡು ವರ್ಷದ್ದು ಅಂದ್ರ ಮೋಟಾರ್ ಪೂರ್ತಿ ನಿಂತಿರ್ತದ. ಪೊಟ್ಟಣ ತಗೊಂಡೇ ಮೆಡಿಸಿನ್ ಡಾಕ್ಟ್ರ ಹತ್ರ ಹೋಗ್ರಿ, ಕಾರ್ಟಿಸೋಲ್ ಟೆಸ್ಟ್ ಮಾಡಿಸಿ ಅವರು ಮೆಲ್ಲಕ ಇಳಸ್ತಾರ. ನಡುವ ಜ್ವರ, ವಾಂತಿ, ತಲಿ ಸುತ್ತು ಬಂದ್ರ ಮನ್ಯಾಗ ಇಟ್ಕೋಬ್ಯಾಡ್ರಿ.


ಜೀವಶಾಸ್ತ್ರ_ಮೇಡಂ_ರಾಯಚೂರು
ಸಂಜೆ 6:50

ಮಾನ್ವಿ ಅಕ್ಕಾ, ಈ ಕುಶಿಂಗ್ ರೋಗ ಇದ್ದೋರ ಹಿಪ್ಪೊಕ್ಯಾಂಪಸ್ ಸ್ಕ್ಯಾನ್‌ದಾಗ ಸಣ್ಣ ಆಗಿರೋದು 1992ರಾಗ ನೋಡಿದ್ರು, ಚಿಕಿತ್ಸಿ ಆಗಿ ಕಾರ್ಟಿಸೋಲ್ ಇಳಿದ ಮ್ಯಾಲ ಅದು ಮತ್ತ ಸ್ವಲ್ಪ ತುಂಬಿಕೊಂಡಿದ್ದನ್ನ ಅದೇ ತಂಡ 1999ರಾಗ ತೋರಿಸ್ತು. ಮೊಮ್ಮಗನ ಹೆಸರು ನೆನಪಿಗೆ ಬರಬಹುದು. ತಡ ಮಾಡಬ್ಯಾಡ್ರಿ.


ಸಿರುಗುಪ್ಪ_ಗದ್ದೆ
ನಾಕು ದಿನದ ನಂತರ, ರಾತ್ರಿ 9:15

ಎಲ್ರಿಗೂ ಕೈ ಮುಗೀತೀನಿ. ಮಾರನೇ ದಿನಾನೇ ಹೋದ್ವಿ. ಹಾಳೆ ಮೇಲೆ ಬರ್ಕೊಂಡು ಹೋಗಿದ್ದಕ್ಕೆ ಡಾಕ್ಟ್ರು ಪೂರ್ತಿ ಓದಿದ್ರು, ಮನಸ್ಸಿನ ವಿಭಾಗದೋರನ್ನೂ ಅಲ್ಲಿಗೇ ಕರ್ಸಿದ್ರು. ಶುಗರ್ 286 ಇತ್ತು. ಸ್ಟೀರಾಯ್ಡ್ 40ಕ್ಕೆ ಇಳಿಸಿ ಬೆಳಿಗ್ಗೆಗೆ ಮಾಡಿದ್ರು, ಗುಳ್ಳೆ ಏಳದಂಗೆ ಅದರ ಜೊತೆ ಅಜಥಯೋಪ್ರಿನ್ ಅಂತ ಬೇರೆ ಮಾತ್ರೆ ಶುರು ಮಾಡಿದ್ರು, ರಾತ್ರಿಗೆ ಒಂದು ಸಣ್ಣ ಮಾತ್ರೆ. ನಿನ್ನೆ ಐದು ತಾಸು ಮಲಗಿದ್ಲು, ನಾನು ಬಾಗಿಲ ಹತ್ರ ಕೂತು ಗೊರಕೆ ಕೇಳಿದೆ.


ಸಿರುಗುಪ್ಪ_ಗದ್ದೆ
ಐದು ವಾರದ ನಂತರ

ಕೇಳಿದೋರಿಗೆಲ್ಲ ಬೇರೆ ಬೇರೆ ಉತ್ರ ಕೊಡೋಕೆ ಆಗ್ಲಿಲ್ಲ, ಇಲ್ಲೇ ಹೇಳ್ತೀನಿ. ಈಗ 25 ಎಂಜಿ. ಬಾಯಿ ಹುಣ್ಣು ಮಾಗಿವೆ, ಮೊನ್ನೆ ಜೋಳದ ರೊಟ್ಟಿ ಜೊತೆ ಸ್ವಲ್ಪ ಕೆಂಪು ಚಟ್ನಿ ತಿಂದ್ಲು, ಕಣ್ಣಲ್ಲಿ ನೀರು ಬಂತು, ಇನ್ನೊಂಚೂರು ಹಾಕು ಅಂದ್ಲು. 5000 ಪಕ್ಕದ ಓಣಿಯೋರು ತಾವಾಗೇ ತಂದ್ಕೊಟ್ರು. ಹುಲಿಗಿಗೂ ಹೋಗ್ಬಂದ್ವಿ, ಅತ್ತೆನೂ ಬಂದಿದ್ರು, ಡಬ್ಬಿ ಜೊತೆಲೇ ಇತ್ತು.

ಅವ್ವಗೆ ಆ ದಿನಗಳು ಅಲ್ಲೊಂದು ಇಲ್ಲೊಂದು ಅಷ್ಟೇ ನೆನಪಿವೆ. ಹಿತ್ತಾಳೆ ಪಾತ್ರೆ ಇನ್ನೂ ಕೆಳಗೇ ಇದಾವೆ, ಯಾಕೋ ನನಗೆ ಎತ್ತಿ ಮೇಲಿಡೋಕೆ ಮನಸ್ಸಾಗಿಲ್ಲ. ನಿನ್ನೆ ಅವುನ್ನ ನೋಡಿ "ಇಷ್ಟು ಚೆಂದ ಯಾರು ತಿಕ್ಕಿದ್ರೋ" ಅಂದ್ಲು. ನನ್ನ ಹೆಂಡ್ತಿ "ನಾನೇ ಅತ್ತೆ" ಅಂದ್ಳು.

ಮೆಡಿಕಲ್ ಅಣ್ಣ, ಸೋಮವಾರ ಓಪಿಡಿ ಐತೆ, 20ಕ್ಕೆ ಇಳಿಸ್ತೀವಿ ಅಂದಿದಾರೆ. ಕ್ಯಾಲ್ಸಿಯಂ ಮಾತ್ರೆ ಮುಗಿದಿದೆ, ಅದನ್ನೂ ಸ್ಟೀರಾಯ್ಡ್ ಇರೋತನಕ ಬಿಡಬಾರದಾ?


ಮೆಡಿಕಲ್_ಸಿಂಧನೂರು
ಅದೇ ದಿನ

ಬಿಡಬಾರದು ಅಣ್ಣ, ಸ್ಟೀರಾಯ್ಡ್ ಎಲುಬು ಸವಿಸ್ತದ. ಸೋಮವಾರ ಬರ್ಸ್ಕೊಂಡೇ ಬರ್ರಿ. ಅವ್ವಾರಿಗೆ ನನ್ನ ನಮಸ್ಕಾರ ಹೇಳ್ರಿ.